ಗಿಡ್ಡ ದೇವದೂತನಿಗೆ ಶಿಸ್ತು ಕಲಿಸಿದ್ದು

ಮೂವತ್ತಾರು ವರ್ಷ, ಅರವತ್ತು ಮಕ್ಕಳ ತರಗತಿಯನ್ನು ಬರೀ ಹುಬ್ಬೇರಿಸಿ ಆಳಿದವನು ನಾನು. ಹೆಬ್ಬೆರಳುದ್ದದ ಒಂದು ಮೀನು ನನಗೆ ಯಾವ ಲೆಕ್ಕ?

ನನ್ನ ಹೆಂಡತಿಯ ತಮ್ಮ ಹಡಗಿನ ಕೆಲಸಕ್ಕೆಂದು ಆರು ವಾರ ಹೊರಟಾಗ, ತನ್ನ ಉಪ್ಪುನೀರಿನ ಅಕ್ವೇರಿಯಂ ಅನ್ನು ನಮ್ಮ ನಡುಮನೆಯಲ್ಲಿಟ್ಟು ಹೋದ. ಅದರಲ್ಲಿ ನೀಲಿ ಮೈ, ಹಳದಿ ಮೋರೆಯ ಒಂದು ಡ್ವಾರ್ಫ್ ಏಂಜೆಲ್. ಎಂದರೆ ಗಿಡ್ಡ ದೇವದೂತ! ಎಂಟು ವರ್ಷದಿಂದ ಅವನ ಜೊತೆಗಿದ್ದ ಜೀವ.

"ಭಾವ, ಇವನನ್ನ ಉಳಿಸ್ಕೊಡಿ ಸಾಕು" ಎಂದ.

"ಉಳಿಸೋದೇನು, ತಿದ್ದಿಯೇ ಕೊಡ್ತೀನಿ!" ಎಂದೆ.

ಒಳಗೆ ಇಣುಕಿದರೆ, ಅಯ್ಯೋ! ಕಲ್ಲುಗಳು ಒಂದರ ಮೇಲೊಂದು ಬಿದ್ದುಕೊಂಡಿವೆ, ಮೈತುಂಬ ಪಾಚಿ. ಗುಡಿಸದ ತರಗತಿ! ಮರುದಿನವೇ ಕಲ್ಲುಗಳನ್ನು ಬಕೆಟ್ಟಿನ ಉಪ್ಪುನೀರಿಗೆ ಇಳಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಒಂದೊಂದನ್ನೂ ಬೆಳ್ಳಗಾಗುವಂತೆ ಉಜ್ಜಿದೆ. ಬಳಿಕ ಕುಳ್ಳಗಿನವು ಮುಂದೆ, ಎತ್ತರದವು ಹಿಂದೆ. ನೆಟ್ಟಗೆ ಎರಡು ಸಾಲು!

"ಕಲ್ಲಿಗೂ ಡ್ರಿಲ್ ಮಾಡಿಸ್ತೀರಾ?" ಎಂದಳು ಹೆಂಡತಿ.

"ಶಿಸ್ತು ಕಣೇ, ಶಿಸ್ತು!"

ಶಿಸ್ತು ಕಂಡ ದೇವದೂತ ಪಂಪಿನ ಹಿಂದೆ ಮೂಲೆ ಸೇರಿದ. ಕಾಳು ಹಾಕಿದರೆ ಮೂತಿ ತಿರುವಿದ. ಇನ್ನಷ್ಟು ಹಾಕಿದೆ. ತಿನ್ನದ ಕಾಳು ಕೊಳೆತು ನೀರು ಗಂಜಿಯಾಯಿತು. ಬದಲಿಸಬೇಕಲ್ಲ! ಉಪ್ಪು ತೂಗುವುದು, ಕದಡುವುದು, ಅಳೆಯುವುದು, ಹೊರುವುದು... ನನ್ನ ಸೊಂಟ ರಾಜೀನಾಮೆ ಕೊಟ್ಟಿತು. ಚೆಲ್ಲಿದ ನೀರು ಒಣಗಿ ನೆಲದ ತುಂಬ ಬಿಳಿಯ ಭೂಪಟ.

"ಮನೆಯೊಳಗೆ ಸಮುದ್ರ ಬಂದಾಯ್ತು, ಅಲೆ ಒಂದು ಬಾಕಿ," ಎಂದಳು ಹೆಂಡತಿ, ನೆಲ ಒರೆಸುತ್ತ. "ಸುಮ್ನೆ ಬಿಡ್ರೀ ಅದನ್ನ!"

ಸುಮ್ಮನೆ ಬಿಡುವುದೇ? ನಾನೇ? ದಿನಕ್ಕೊಮ್ಮೆ ಕಲ್ಲು ಉಜ್ಜಿದೆ. ಮೂರನೆಯ ವಾರಕ್ಕೆ ಮೀನಿನ ಹೊಟ್ಟೆ ಬೆನ್ನಿಗಂಟಿತು. ನನಗೆ ಊಟ ಸೇರದಾಯಿತು. ಭಾವಮೈದುನನಿಗೆ ಯಾವ ಮುಖ ತೋರಿಸಲಿ?

ಕೊನೆಗೆ ಸಾಕುಮೀನಿನ ಅಂಗಡಿಯವನನ್ನು ಕರೆತಂದೆ. ನನ್ನ ಹಳೆಯ ವಿದ್ಯಾರ್ಥಿ. ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು, "ಬರ್ತೀನಿ ಸರ್" ಎಂದು ನಗುತ್ತ ಹೋಗುತ್ತಿದ್ದ ಮಹಾಶಯ. ಆ ನಗು ನೋಡಿ ನನಗೆ ಎಂದೂ ಬೈಯಲಾಗಿರಲಿಲ್ಲ. ಈಗ ಅಕ್ವೇರಿಯಂ ನೋಡುತ್ತಲೇ ಆ ನಗು ಮಾಯವಾಯಿತು.

"ಸರ್, ಕಲ್ಲು ಯಾರು ತೊಳೆದಿದ್ದು?"

"ನಾನೇ. ದಿನಾ."

"ಆ ಪಾಚೀನೇ ಇವನ ಊಟ ಸರ್. ಬೆಳಗ್ಗಿಂದ ಸಂಜೆವರೆಗೂ ಅದನ್ನೇ ಮೇಯ್ತಾನೆ. ಕಲ್ಲಿನ ಸಂದೀನೇ ಇವನ ಮನೆ. ನೀವು ತಟ್ಟೇನೂ ಕಿತ್ಕೊಂಡ್ರಿ, ಮನೇನೂ ಬೀಳಿಸಿದ್ರಿ!"

ಅವನು ಕಲ್ಲುಗಳನ್ನು ಮೊದಲಿನಂತೆ ಗುಡ್ಡೆ ಹಾಕಿ, ಅಂಗಡಿಯಿಂದ ಪಾಚಿಗಟ್ಟಿದ ಕಲ್ಲೊಂದನ್ನು ತಂದಿಟ್ಟ.

"ಇನ್ನು ನಾನೇನು ಮಾಡಲಪ್ಪಾ?" ಎಂದೆ, ದೀನನಾಗಿ.

"ಏನೂ ಮಾಡ್ಬೇಡಿ ಸರ್. ಲೈಟ್ ಹಾಕಿ, ಚಿಟಿಕೆ ಕಾಳು ಹಾಕಿ, ಕೂತ್ಕೊಳ್ಳಿ."

ಕೂತೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ! ಕೈ ಕಟ್ಟಿ, ಬಾಯಿ ಮುಚ್ಚಿ, ಕುರ್ಚಿಯಲ್ಲಿ ನಾಲ್ಕು ದಿನ. ಐದನೆಯ ದಿನ ದೇವದೂತ ಕಲ್ಲಿನ ಸಂದಿಯಿಂದ ಮೋರೆ ಹೊರಗೆ ಹಾಕಿದ. ಸುತ್ತ ನೋಡಿದ. ಕಲ್ಲನ್ನು ಒಮ್ಮೆ ಕುಟುಕಿದ, ಮತ್ತೊಮ್ಮೆ ಕುಟುಕಿದ. ನನ್ನ ಕನ್ನಡಕ ಮಂಜಾಯಿತು.

ಮುಂದಿನ ವಾರ ಹಡಗಿನಿಂದ ಫೋನು ಬಂತು. ಭಾವಮೈದುನ ಮೀನಿನ ಕ್ಷೇಮ ಕೇಳುತ್ತಿದ್ದ. ಹೆಂಡತಿ ಕುರ್ಚಿಯಲ್ಲಿದ್ದ ನನ್ನತ್ತ ಒಮ್ಮೆ ನೋಡಿದಳು.

"ತುಂಬಾ ಚೆನ್ನಾಗಿದೆ ಕಣೋ," ಎಂದಳು. "ನಿಮ್ಮ ಭಾವ ಅದನ್ನ ನೋಡ್ಕೊಳ್ಳೋದು ಬಿಟ್ಟ ಮೇಲಿಂದ!"