ಮಗಳನ್ನು ಕುಗ್ಗದಂತೆ ಸಾಗಿಸಿದ್ದು

ಕೆಲವರು ಹುಟ್ಟುವಾಗಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಬರುತ್ತಾರಂತೆ. ನಾನು ಹೊಟ್ಟೆಯೊಳಗೆ ಗಾಬರಿ ಇಟ್ಟುಕೊಂಡು ಬಂದವನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಬರುತ್ತೇನೆ. ನೋಡಿಕೊಂಡು ಹೋದ ಮೇಲೆ, ಹೊರಡುವಾಗ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಮತ್ತೆ ಬರುತ್ತೇನೆ. ಹೊಟ್ಟೆಪಾಡೂ ಅದಕ್ಕೆ ತಕ್ಕಂತೆಯೇ ಒದಗಿತು. ಮಧುಗಿರಿಯಲ್ಲಿ ನಾನು ವಿಮೆ ಏಜೆಂಟ್. ಕೊಡಿಗೇನಹಳ್ಳಿಯಿಂದ ಪಾವಗಡದವರೆಗೆ ಊರೂರು ತಿರುಗಿ, ಜಗಲಿಯ ಮೇಲೆ ನೆಮ್ಮದಿಯಾಗಿ ಕಡಲೆಕಾಯಿ ಬಿಡಿಸುತ್ತ ಕೂತವರನ್ನು ‘ನಾಳೆ ನಿಮಗೇನಾದರೂ ಆದರೆ?’ ಎಂದು ಹೆದರಿಸುವುದು ನನ್ನ ಕೆಲಸ. ಅವರು ಹೆದರುವುದು ಅಪರೂಪ. ಹೇಳಿ ಹೇಳಿ ನಾನೇ ಹೆದರಿ, ಕೈಲಾದಷ್ಟು ಪಾಲಿಸಿಗಳನ್ನು ನನ್ನ ಹೆಸರಿಗೇ ಮಾಡಿಸಿಕೊಂಡಿದ್ದೇನೆ.

ಇಂಥವನ ಮನೆಯಲ್ಲಿ ಹುಟ್ಟಿದ ಕಾವ್ಯಾ ಪಿಯುಸಿ ಮುಗಿಸಿ, ನಮ್ಮೂರ ಕಾಲೇಜೊಂದರಲ್ಲಿ ಪೊಲೀಸು, ಅಗ್ನಿಶಾಮಕ, ಅರಣ್ಯ ಇಲಾಖೆ ಮುಂತಾದ ಯೂನಿಫಾರಂ ಕೆಲಸಗಳಿಗೆ ಹುಡುಗರನ್ನು ತಯಾರು ಮಾಡುವ ಕೋರ್ಸಿಗೆ ಸೇರಿಬಿಟ್ಟಳು. ಅಲ್ಲಿಂದಾಚೆ ನಮ್ಮ ಮನೆ ನಮ್ಮ ಮನೆಯಂತೆ ಕಾಣುತ್ತಿಲ್ಲ. ಎಬ್ಬಿಸಲು ಅವಳಮ್ಮ ನೀರು ಚಿಮುಕಿಸಬೇಕಾಗಿದ್ದ ಹುಡುಗಿ ಕೋಳಿಗಿಂತ ಮೊದಲೇ ಎದ್ದು ಬೆಟ್ಟದ ಬುಡದವರೆಗೆ ಓಡಿಬರುತ್ತಾಳೆ. ಅವಳು ಮಡಿಸಿಟ್ಟ ಕಂಬಳಿಯ ಅಂಚು ನೋಡಿದರೆ ಅದರಿಂದ ಬದನೆಕಾಯಿ ಹೆಚ್ಚಬಹುದು ಅನ್ನಿಸುತ್ತದೆ. ಬಾಗಿಲಲ್ಲಿ ನನ್ನ ಹವಾಯಿ ಚಪ್ಪಲಿ ಕೂಡ ಈಗ ಅಟೆನ್ಷನ್‌ನಲ್ಲಿ ನಿಂತಿರುತ್ತದೆ. ಅದಕ್ಕಿಂತ ಆಶ್ಚರ್ಯವೆಂದರೆ, ನಾನು ಯಾವುದಕ್ಕಾದರೂ ಹೌಹಾರಿದರೆ, ಮೊದಲಿನ ಹಾಗೆ ‘ಅಯ್ಯೋ ಸುಮ್ನಿರಪ್ಪ’ ಎಂದು ರೇಗುವುದನ್ನು ಅವಳು ಬಿಟ್ಟಿದ್ದಳು. ಎದುರಿಗೆ ಮೊಣಕಾಲೂರಿ ಕೂತು, ಕಣ್ಣಲ್ಲಿ ಕಣ್ಣಿಟ್ಟು, “ಅಪ್ಪ, ನನ್ನ ನೋಡು. ನಾನಿದೀನಿ. ನಿಧಾನಕ್ಕೆ ಉಸಿರು ಬಿಡು” ಅನ್ನುತ್ತಿದ್ದಳು. ಪಿತೃಭಕ್ತಿ ಎಂದರೆ ಇದಪ್ಪಾ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಪೊಲೀಸ್ ನೇಮಕಾತಿಗೆ ಕರೆ ಬಂದಾಗ ನನ್ನ ಗಾಬರಿಗೆ ಹೊಸ ವಿಷಯ ಸಿಕ್ಕಿತು: ಎತ್ತರ. ನಮ್ಮ ವಂಶದಲ್ಲಿ ಅಟ್ಟದ ಮೇಲಿನ ಡಬ್ಬ ಯಾರ ಕೈಗೂ ಎಟುಕಿದ್ದಿಲ್ಲ. ಕೋರ್ಸಿನಲ್ಲಿ ಡ್ರಿಲ್ ಕಲಿಸಲು ಸಿರಾದಿಂದ ಬರುವ ನಿವೃತ್ತ ಹವಾಲ್ದಾರ್ ಸಾಹೇಬರು ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದರು. “ಕ್ಯಾ ಸಾರ್, ಬೆಳಿಗ್ಗೆ ಅಳತೆ ತೆಗೆದ್ರೆ ಬೇಟಿ ಗೆರೆ ಮುಟ್ತಾಳೆ. ದಿನ ಪೂರಾ ಓಡಾಡಿದ್ಮೇಲೆ ಸಂಜೆಗೆ ಥೋಡಾ ಕಮ್ಮಿ ಆಗ್ತಾಳೆ. ಎಲ್ರಿಗೂ ಹಂಗೇ. ನೀವು ಫಿಕರ್ ಮಾಡ್ಬೇಡಿ.” ನನಗೆ ಫಿಕರ್ ಮಾಡಬೇಡಿ ಅನ್ನುವುದು ಎಮ್ಮೆಗೆ ಕೆರೆಗಿಳಿಯಬೇಡ ಅಂದ ಹಾಗೆ. ನಿಂತರೆ, ನಡೆದರೆ ಮನುಷ್ಯ ಕುಗ್ಗುತ್ತಾನೆ, ಮಲಗಿದರೆ ಹಿಗ್ಗುತ್ತಾನೆ. ಇಷ್ಟು ಗೊತ್ತಾದ ಮೇಲೆ ಮಗಳನ್ನು ಅಳತೆ ನಡೆಯುವ ತುಮಕೂರಿನ ಮೈದಾನದವರೆಗೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಲು ನಾನೇನು ಹುಚ್ಚನೇ?

ಬಲಸಮುದ್ರದಲ್ಲಿ ನನ್ನ ಹೆಂಡತಿ ಸರೋಜಳ ತಮ್ಮ ಓಬಳೇಶನಿದ್ದಾನೆ. ಅವನದೊಂದು ಗೂಡ್ಸ್ ಗಾಡಿ. ಅದರ ಹಿಂಭಾಗದಲ್ಲಿ ಹಾಸಿಗೆ ಹಾಸಿ, ಮಗಳನ್ನು ಅಂಗಾತ ಮಲಗಿಸಿ, ಮೈದಾನದ ಗೇಟಿನಲ್ಲಿ ಇಳಿಸುವುದು ನನ್ನ ಯೋಜನೆ.

“ಏಂದಿ ಬಾವಾ ಇದು, ಅಮ್ಮಾಯಿನ ಟಮಾಟ ತರ ಲೋಡ್ ಮಾಡ್ಕೊಂಡು ಹೋಗೋದಾ?” ಎಂದ ಓಬಳೇಶ.

“ಅವ್ಳು ಪೊಲೀಸಾಗೋದ್ರೊಳಗೆ ನಿಮ್ಮನ್ನೇ ಯಾರಾದ್ರೂ ಹಿಡ್ಕೊಂಡೋಗ್ತಾರೆ ನೋಡ್ತಿರಿ” ಎಂದಳು ಸರೋಜ.

ಕಾವ್ಯಾ ಮಾತ್ರ ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, “ಸರಿ ಅಪ್ಪ, ಮಲಗ್ತೀನಿ” ಅಂದಳು.

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಚಳಿಗಾಳಿ ತಾಗದಿರಲಿ ಎಂದು ತಲೆಯಿಂದ ಕಾಲಿನವರೆಗೆ ಬಿಳಿ ದುಪ್ಪಟಿ ಹೊದಿಸಿದ್ದೆ. ಅದು ಹಾರಿಹೋಗದಿರಲಿ ಎಂದು ಅಂಚುಗಳನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದ್ದೆ. ಪಕ್ಕದಲ್ಲಿ ನಾನು, ನನ್ನ ಎಂದಿನ ಮುಖ ಹೊತ್ತು ಕೂತಿದ್ದೆ. ಎದುರಾದ ಬಸ್ಸುಗಳು ನಮಗೆ ದಾರಿ ಬಿಟ್ಟವು. ಟೀ ಅಂಗಡಿಯಲ್ಲಿ ಕೂತಿದ್ದವರು ಎದ್ದು ನಿಂತರು. ಜನರಿಗೆ ಇನ್ನೂ ಸೌಜನ್ಯ ಉಳಿದಿದೆಯಲ್ಲ ಎಂದು ನಾನು ಸಂತೋಷಪಟ್ಟೆ.

ಕೊರಟಗೆರೆ ಹತ್ತಿರವಾಗುವಾಗ ನಮ್ಮ ಹಿಂದೆಯೇ ಒಬ್ಬಾತ ಮೊಪೆಡ್‌ನಲ್ಲಿ ಬರುತ್ತಿದ್ದ. ಹಿಂದುಗಡೆ ಅವನ ತಾಯಿ. ಮುದುಕಿ ದುಪ್ಪಟಿಯತ್ತ ನೋಡಿ ಎರಡೂ ಕೈ ಎತ್ತಿ ಮುಗಿದರು. ಅದೇ ಹೊತ್ತಿಗೆ ಸೆಕೆಯಾಯಿತೋ ಏನೋ, ಕಾವ್ಯಾ ದುಪ್ಪಟಿ ಸರಿಸಿ ಮುಖ ಹೊರಹಾಕಿದಳು. ಹಿರಿಯರು ಕೈಮುಗಿಯುತ್ತಿರುವುದನ್ನು ಕಂಡು, ಒಳ್ಳೆಯ ಹುಡುಗಿಯಂತೆ ಮಲಗಿದಲ್ಲಿಂದಲೇ ತಾನೂ ಮುಗಿದಳು.

“ಅಯ್ಯಯ್ಯೋ! ಹೆಣ ಎದ್ಬುಡ್ತು ಕಣ್ಲಾ!”

ಮೊಪೆಡ್ ರಸ್ತೆ ಬಿಟ್ಟು ಪಕ್ಕದ ಹೊಲಕ್ಕೆ ನುಗ್ಗಿತು. ಮಗ ಒಂದು ಕಡೆ, ತಾಯಿ ಒಂದು ಕಡೆ.

ಓಬಳೇಶ ಬ್ರೇಕ್ ಹಾಕುವುದಕ್ಕೂ ಕಾವ್ಯಾ ಹಾರುವುದಕ್ಕೂ ಸರಿಹೋಯಿತು. ಹಾರಿದಳು! ಇಷ್ಟು ದೂರ ಮೊಟ್ಟೆಯಂತೆ ಕಾಪಾಡಿಕೊಂಡು ಬಂದ ಬೆನ್ನುಮೂಳೆ! “ಕಾವ್ಯಾ, ಕುಗ್ಗೋಗ್ತೀಯ! ಮಲ್ಕೋ!” ಎಂದು ನಾನು ಕೂಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ನನಗೆ ಬೇರೇನೂ ತೋಚಲಿಲ್ಲ.

ಆಮೇಲೆ ಕಂಡದ್ದನ್ನು ನಾನು ಬಾಯಿ ತೆರೆದು ನೋಡಿದೆ. ಹುಡುಗಿ ಮುದುಕಿಯ ಎದುರು ಮೊಣಕಾಲೂರಿ ಕೂತಳು. “ಅಜ್ಜಿ, ನನ್ನ ನೋಡಿ. ನಾನಿದೀನಿ. ನಿಧಾನಕ್ಕೆ ಉಸಿರು ಬಿಡಿ.”

“ನೀನಿರೋದೇ ನಂಗೆ ಭಯ ಕಣವ್ವ!”

“ನಾನು ಹೆಣ ಅಲ್ಲ ಅಜ್ಜಿ. ಪೊಲೀಸ್ ಸೆಲೆಕ್ಷನ್‌ಗೆ ಹೋಗ್ತಿದೀನಿ.”

“ಮಲೀಕಂಡಾ?”

ಕಾವ್ಯಾ ನಕ್ಕಳು, ಮುದುಕಿಯೂ ನರಳುತ್ತಲೇ ನಕ್ಕರು. ನಗುವಿನ ಸಂದಿಯಲ್ಲೇ ಅವಳ ಕೈ ಮುದುಕಿಯ ಕಾಲನ್ನು ತಡವಿ ನೋಡಿತ್ತು. ನಾನು ತಿಂಡಿ ಕಟ್ಟಿಕೊಂಡು ಬಂದಿದ್ದ ಟವಲ್ಲನ್ನೂ ಬೇಲಿಯ ಕಡ್ಡಿಗಳನ್ನೂ ಸೇರಿಸಿ ಕಾಲಿಗೆ ಕಟ್ಟು ಬಿತ್ತು. ಸುತ್ತ ಸೇರಿ ಸಲಹೆ ಕೊಡುತ್ತಿದ್ದವರಲ್ಲಿ ಒಬ್ಬನನ್ನು ರಸ್ತೆಯಲ್ಲಿ ಬರುವ ವಾಹನಗಳನ್ನು ತಡೆಯಲು, ಒಬ್ಬನನ್ನು ನೀರು ತರಲು ಕಳಿಸಿದಳು. ಮೀಸೆ ಹೊತ್ತ ಗಂಡಸರು ಮರುಮಾತಾಡದೆ ಓಡಿದರು. ನನಗೆ ಸಿಕ್ಕ ಆಜ್ಞೆ, “ಅಪ್ಪ, ನೀನು ಸುಮ್ನೆ ಈ ಬಾಟ್ಲಿ ಹಿಡ್ಕೊಂಡು ನಿಂತ್ಕೊ.” ನಿಂತುಕೊಂಡೆ. ನನ್ನ ಮನೆಯಲ್ಲಿ ಜಿರಲೆ ಕಂಡು ಮಂಚ ಹತ್ತುತ್ತಿದ್ದ ಮಗು ಇದೇನಾ ಎಂದು ನೋಡುತ್ತಲೇ ಇದ್ದೆ. ಕೊನೆಗೆ ಅವಳು ಮುದುಕಿಯನ್ನು ಬೆನ್ನ ಮೇಲೆ ಹೊತ್ತು ತಂದಳು. ಮುದುಕಿ ಸಣ್ಣಗಿರಲಿಲ್ಲ. ಪ್ರತಿ ಹೆಜ್ಜೆಗೂ ಮಗಳ ಎತ್ತರ ಸೋರಿಹೋಗುವುದು ನನ್ನ ಕಣ್ಣಿಗೆ ಕಾಣುತ್ತಿತ್ತು.

ನಾನು ಹಾಸಿದ ಹಾಸಿಗೆಯ ಮೇಲೆ ಕೊರಟಗೆರೆಯ ಆಸ್ಪತ್ರೆಯವರೆಗೆ ಅಂಗಾತ ಮಲಗಿ ಹಿಗ್ಗಿದವರು ಆ ಅಜ್ಜಿ. ಕಾವ್ಯಾ ಅವರ ಕಾಲು ಅಲುಗದಂತೆ ಹಿಡಿದು ಬಗ್ಗಿ ಕೂತಿದ್ದಳು. ತರಚು ಗಾಯದಲ್ಲೇ ಪಾರಾಗಿದ್ದ ಮಗ ಮೊಪೆಡ್‌ನಲ್ಲಿ ಹಿಂದೆಯೇ ಬಂದ. ಅಲ್ಲಿಂದ ಮುಂದೆ ಮಲಗು ಎನ್ನಲು ನನಗೆ ಬಾಯಿ ಬರಲಿಲ್ಲ.

ತುಮಕೂರಿನ ಮೈದಾನದ ಗೇಟಿನಾಚೆ ಬಿಸಿಲು ಏರುವವರೆಗೂ ಕಾದೆ. ಯಾವತ್ತೂ ಇಲ್ಲದ್ದು, ಮಗಳು ಗೆರೆ ಮುಟ್ಟದಿದ್ದರೂ ಪರವಾಗಿಲ್ಲ ಎಂದು ನನ್ನ ಮನಸ್ಸೇ ನನಗೆ ಹೇಳಿತು. ಅಳತೆಗೋಲಿಗೆ ಆ ಹೊಲ ಕಾಣಲಿಲ್ಲ, ನಾನು ನೋಡಿದ್ದೇನಲ್ಲ. ಅಷ್ಟರಲ್ಲಿ ಹೊರಗೆ ಬಂದಳು. “ಮುಟ್ತು ಅಪ್ಪ. ಕೂದಲೆಳೆ ಅಷ್ಟೇ. ಓಟದಲ್ಲೂ ಪಾಸು.”

ನಾನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. “ಬೆನ್ನ ಮೇಲೆ ಹೊರುವಾಗ ಹೆದರಿಕೆ ಆಗ್ಲಿಲ್ವೇನೇ, ಎಲ್ಲಿ ತಪ್ಪಿಹೋಗುತ್ತೋ ಅಂತ?”

“ಆಯ್ತು. ತುಂಬಾ ಆಯ್ತು. ಆದ್ರೆ ಗಾಬರಿ ಬಿದ್ದೋರ ಮುಂದೆ ನಾವು ಗಾಬರಿ ತೋರಿಸಬಾರ್ದು ಅಂತ ಹವಾಲ್ದಾರ್ ಸಾಹೇಬ್ರು ಹೇಳ್ಕೊಟ್ಟಿದಾರೆ. ಮೊದ್ಲು ಅವರು ಹೇಳಿದ್ದಕ್ಕೆ ಹೂಂ ಅನ್ಬೇಕು, ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ಬೇಕು. ಬೇರೆ ಹುಡುಗ್ರು ಇದನ್ನ ಪ್ರಾಕ್ಟೀಸ್ ಮಾಡೋಕೆ ಒಬ್ರ ಮುಂದೊಬ್ರು ಗಾಬರಿ ಬಿದ್ದೋರ ಥರ ನಾಟಕ ಆಡ್ತಾರೆ.” ಅವಳು ನನ್ನ ಕೈ ಹಿಡಿದು ಎಬ್ಬಿಸಿದಳು. “ನಂಗೆ ಮನೇಲೇ ದಿನಾ ಪ್ರಾಕ್ಟಿಕಲ್ ಇತ್ತು.”

ವಾಪಸು ಬರುವಾಗ ಅವಳು ಮುಂದೆ ಮಾವನ ಪಕ್ಕ ನೆಟ್ಟಗೆ ಕೂತಳು. ಬಿಸಿಲಿಗೋ ಸಂತೋಷಕ್ಕೋ ನನಗೆ ತಲೆ ಸುತ್ತುತ್ತಿದ್ದರಿಂದ ಹಿಂದಿನ ಹಾಸಿಗೆ ನನ್ನ ಪಾಲಿಗೆ ಬಂತು. ಅದೇ ಬಿಳಿ ದುಪ್ಪಟಿ ಕತ್ತಿನವರೆಗೆ ಹೊದ್ದು ಅಂಗಾತ ಮಲಗಿದೆ. ಕೊರಟಗೆರೆಯ ಹತ್ತಿರ ಯಾರೋ ಎದ್ದು ನಿಂತು ಕೈಮುಗಿದದ್ದು ಕಂಡಿತು. ತಿರುಗಿ ಮುಗಿಯಲು ಕೈ ಎತ್ತಿದವನು, ಮಗಳಿಗೆ ಮತ್ತೆ ಕೆಲಸ ಹಚ್ಚುವುದು ಬೇಡವೆಂದು, ದುಪ್ಪಟಿ ಮುಖದ ಮೇಲೆಳೆದುಕೊಂಡು ಅಲುಗಾಡದೆ ಬಿದ್ದುಕೊಂಡೆ.