ಹೊಸ ಪ್ಲೇಯರ್ ಮತ್ತು ಗಟ್ಟಿಮೇಳ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ನನಗೆ ಹೊಸದೇನಲ್ಲ. ಅಕ್ಕನ ಮಗಳ ಮದುವೆಗೆ ವಾಲಗದವರು ಸಿಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಹಾಡು ಹಾಕುವ ಹೊಣೆ ನನ್ನ ತಲೆಗೆ ಬಂತು. ಹಾಡು ಹಾಕಲು ಅದರಲ್ಲಿ ಒಂದು ಪ್ಲೇಯರ್ ಇತ್ತು, ಚೆನ್ನಾಗಿಯೇ ಇತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ.

ವಿಮಾನ

"ಅದೆಲ್ಲಾ ಹಳೇದಾಯ್ತು ಗುರು, ಇದನ್ನ ಹಾಕಿ ನೋಡು," ಎಂದು ಫ್ರೇಜರ್ ಟೌನಿನ ಸಹೋದ್ಯೋಗಿ ಬೇರೊಂದು ಪ್ಲೇಯರಿನ ಹೆಸರು ಹೇಳಿದ. ತಿಪ್ಪಸಂದ್ರದ ಮನೆಗೆ ಬಂದವನೇ ಇಳಿಸಿಕೊಂಡೆ. ಅದು ಏನೇನೋ ಕೇಳಿತು. ಓದುವವರು ಯಾರು? ಎಲ್ಲಕ್ಕೂ ಓಕೆ ಒತ್ತಿದೆ. ಪರದೆಯ ತುಂಬ ಗುಂಡಿಗಳು, ಮುಳ್ಳುಗಳು, ಕುಣಿಯುವ ದೀಪಗಳು.

ಹೆಂಡತಿ ಇಣುಕಿ ನೋಡಿದಳು. "ಏನ್ರೀ, ವಿಮಾನ ಓಡಿಸ್ತಿದ್ದೀರಾ? ಹಾಡು ಎಲ್ಲಿಂದ ಹಾಕೋದು?"

"ಸಂಜೆಯಿಂದ ಅದನ್ನೇ ಹುಡುಕ್ತಿದ್ದೀನಿ ಕಣೇ."

ದೇವರ ನೂಕುನುಗ್ಗಲು

ಬೆಳಿಗ್ಗೆ ಅಮ್ಮನಿಗೆ ಭಕ್ತಿಗೀತೆ ಹಾಕಿಕೊಟ್ಟೆ. ಒಂದು ಹಾಡು ಮುಗಿಯುವ ಮೊದಲೇ ಮುಂದಿನದನ್ನು ಬೆರೆಸುವುದು ಈ ಪ್ಲೇಯರಿನ ಹೆಚ್ಚುಗಾರಿಕೆ. ಶಿವನ ಡಮರು ಇನ್ನೂ ಬಡಿಯುತ್ತಿದೆ, ಅಷ್ಟರಲ್ಲೇ ಕೃಷ್ಣನ ಕೊಳಲು ಶುರು.

ಅಮ್ಮ ಆರತಿ ತಟ್ಟೆ ಹಿಡಿದು ನಿಂತೇಬಿಟ್ಟಳು. "ಈಗ ಯಾರಿಗೋ ಬೆಳಗ್ಲಿ ನಾನು? ದೇವರಮನೆಯೇನು ಟಿನ್ ಫ್ಯಾಕ್ಟರಿ ಬಸ್ಸಾ, ಇಳಿಯೋರು ಇಳಿಯೋಕೆ ಮುಂಚೆ ಹತ್ತೋರು ನುಗ್ಗೋಕೆ?"

ಮುಹೂರ್ತ

ಹಲಸೂರಿನ ಛತ್ರ. ಮುಹೂರ್ತ ಬಂತು. ಮದುಮಗ ತಾಳಿ ಎತ್ತಿದ. ಪುರೋಹಿತರು ಬೆರಳಾಡಿಸಿ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ಆ ಗಳಿಗೆಯಲ್ಲಿ ಯಾರು ಸೀನಿದರೂ ಕೇಳಬಾರದು ಅಂತಲೇ ಅಲ್ಲವೇ ಗಟ್ಟಿಮೇಳ? ಒತ್ತಿದೆ.

ಎಲ್ಲ ಹಾಡುಗಳ ಸದ್ದನ್ನೂ ಒಂದೇ ಸಮ ಮಾಡುವ ಏರ್ಪಾಡೂ ಆ ಪ್ಲೇಯರಿನಲ್ಲಿತ್ತಂತೆ. ಗಟ್ಟಿಮೇಳ ಜೋಗುಳದ ಹಾಗೆ ಬಂತು. ಸರಿಯಾಗಿ ಆಗಲೇ, ವಾರದಿಂದ ನೆಗಡಿ ಹಿಡಿದಿದ್ದ ನಮ್ಮ ಭಾವ, ಅಂದರೆ ಹುಡುಗಿಯ ಅಪ್ಪ, "ಆಕ್ಷೀ!" ಎಂದರು. ಕಡೇ ಸಾಲಿಗೂ ಕೇಳಿಸಿತು.

"ಅಯ್ಯೋ, ಒಂಟಿ ಸೀನು!" ಎಂದರು ಬೀಗಿತ್ತಿ. ತಾಳಿ ಗಾಳಿಯಲ್ಲೇ ನಿಂತಿತು. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಯಜಮಾನ್ರೇ, ಇನ್ನೊಂದು ಸೀನಿಬಿಡಿ. ಎರಡಾದ್ರೆ ದೋಷ ಇಲ್ಲ. ಬೇಗ, ಮುಹೂರ್ತ ಮೀರುತ್ತೆ!" ಎಂದರು ಪುರೋಹಿತರು.

ಸೀನು ಬರಲೆಂದು ಭಾವ ದೀಪ ನೋಡಿದರು, ಮೂಗು ತಿಕ್ಕಿದರು. ವಾರವೆಲ್ಲ ಬಂದ ಸೀನು ಈಗ ನಾಪತ್ತೆ. "ಸೀನಿ ಭಾವ, ಸೀನಿ!" ಎಂದು ನಾನೂ ಗೋಗರೆದೆ. ಕೊನೆಗೆ ಪುರೋಹಿತರೇ ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಅವರ ಮೂಗಿಗೆ ಹಿಡಿದರು. ಭಾವನ ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ. ಫ್ಯಾನಿನ ಗಾಳಿಗೆ ನಶ್ಯ ಹಾರಿತು. ಎದುರಿಗಿದ್ದ ಮದುಮಗ ಮಂಟಪವೇ ಅದುರುವಂತೆ ಸೀನಿದ.

ಛತ್ರವೆಲ್ಲ ಪುರೋಹಿತರ ಮುಖ ನೋಡಿತು. ಅವರು ಡಬ್ಬಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು: "ಹೆಣ್ಣಿನ ಕಡೆಯಿಂದ ಒಂದು, ಗಂಡಿನ ಕಡೆಯಿಂದ ಒಂದು. ಸರಿಹೋಯ್ತು, ಕಟ್ಟಪ್ಪಾ!"