ಕುದುರೆಯ ಕಣ್ಣಿನಲ್ಲೊಂದು ಹುಳು

ಪಶುವೈದ್ಯರ ಬಳಿ ಬರುವ ರೋಗಿಗಳು ಬಾಯಿ ಬಿಡುವುದಿಲ್ಲ, ಜೊತೆಗೆ ಬರುವವರು ಬಾಯಿ ಮುಚ್ಚುವುದಿಲ್ಲ. ಹಾಗಾಗಿ ಕೊಡಗಿನಲ್ಲಿ ಇಷ್ಟು ವರ್ಷ ದನ, ನಾಯಿ, ಹಂದಿಗಳ ನಡುವೆ ಕಳೆದ ನನಗೆ ನಗುವುದಕ್ಕೆ ಬರವಿಲ್ಲ. ಆದರೂ ಒಂದು ಕುದುರೆ ನಗಿಸಿದಷ್ಟು ಬೇರಾವುದೂ ನಗಿಸಿಲ್ಲ.

೧. ಓಡುವ ಕೂದಲು

ಕುಶಾಲನಗರದ ಕಡೆಯ ರೈತರೊಬ್ಬರು ಫೋನ್ ಮಾಡಿದರು. ಹಾಸನದಿಂದ ಬಂದು ನೆಲೆಸಿದ ಮನೆತನ. ಜೋಳದ ಹೊಲದ ಜೊತೆಗೆ ಒಂದು ಹೆಣ್ಣುಕುದುರೆ ಇಟ್ಟುಕೊಂಡು ಪ್ರವಾಸಿಗರ ಮಕ್ಕಳನ್ನು ಹೊಳೆದಂಡೆಯಲ್ಲಿ ಸುತ್ತಿಸುತ್ತಾರೆ.

"ಸಾರ್, ಕುದ್ರೆ ಕಣ್ಣೊಳ್ಗೆ ಒಂದು ಬಿಳಿ ಕೂದ್ಲು ಬಿದ್ದೈತೆ. ತೆಗೆಯಾಕೆ ಹೋದ್ರೆ ಓಡೋಯ್ತದೆ."

"ಕುದುರೆಯನ್ನ ಕಟ್ಟಿ ಹಾಕಿ ಮಾರಾಯ್ರೇ."

"ಕುದ್ರೆ ಕಟ್ಟೇ ಐತೆ ಸಾರ್. ಓಡ್ತಿರೋದು ಕೂದ್ಲು!"

೨. ಸದ್ದು ಮಾಡಬೇಡಿ

ಹೋಗಿ ನೋಡಿದರೆ ಕಣ್ಣಿನೊಳಗಿನ ನೀರಿನಲ್ಲಿ ಜೀವಂತ ಹುಳು ಈಜುತ್ತಿತ್ತು. ತೆಗೆಯದಿದ್ದರೆ ಕಣ್ಣು ಹೋಗುತ್ತದೆ ಎಂದೆ. ಯಜಮಾನರ ಮುಖ ಬಾಡಿತು. "ಒಕ್ಕಣ್ಣಿನ ಕುದ್ರೆ ಮೇಲೆ ಯಾರು ಸಾರ್ ಮಕ್ಕಳನ್ನ ಕೂರಿಸ್ತಾರೆ?" ಮರಿಯಿಂದ ಸಾಕಿದ ಕುದುರೆ ಅದು. ನನಗೂ ಸಂಕಟವಾಯಿತು.

ಮರುದಿನ ಬೆಳಿಗ್ಗೆ ಕುದುರೆಗೆ ಮಂಪರಿನ ಇಂಜೆಕ್ಷನ್ ಕೊಟ್ಟು, ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿದೆ. ಎಲ್ಲ ಸಿದ್ಧ, ಹುಳುವೇ ನಾಪತ್ತೆ. ಕಣ್ಣಪಾಪೆಯ ಹಿಂದೆ ಅಡಗಿ ಕೂತಿತ್ತು. ಅದು ಮುಂದೆ ಬರುವ ತನಕ ಸೂಜಿ ಹಾಕುವಂತಿಲ್ಲ. ಯಜಮಾನರ ಹೆಂಡತಿ ನೆರೆದ ಜನರನ್ನು ಗದರಿದರು. "ಸುಮ್ಕಿರ್ರಪ್ಪಾ, ಹುಳ ಹೆದ್ರಿಕೊಂಡೈತೆ!" ನಾನೂ ಪಿಸುಮಾತಿಗೆ ಇಳಿದೆ.

ಅಷ್ಟರಲ್ಲಿ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮೊಬೈಲು ಜೋರಾಗಿ ಹಾಡತೊಡಗಿತು. ಹುಳು ಮೆಲ್ಲನೆ ಮುಂದೆ ಬಂತು. ರೈಟರು ಗಾಬರಿಯಿಂದ ಜೇಬಿಗೆ ಕೈ ಹಾಕಿದರೆ, ಆಕೆ ಕೈ ಹಿಡಿದು ನಿಲ್ಲಿಸಿದರು.

"ಎತ್ಬೇಡಿ! ಹುಳ ಕೇಳ್ತಾ ಐತೆ!"

೩. ಎರಡನೆಯ ರೋಗಿ

ಕಣ್ಣುಗುಡ್ಡೆಯ ಅಂಚಿಗೆ ಸೂಜಿ ಚುಚ್ಚಿದೆ. ಒಳಗಿನ ನೀರು ಚಿಮ್ಮಿತು, ಜೊತೆಗೆ ಹುಳುವೂ ಹಾರಿತು. ಎಲ್ಲರೂ ನೆಲದ ಮೇಲೆ ಹುಡುಕಿದ್ದೇ ಹುಡುಕಿದ್ದು. ಕುದುರೆಯ ತಲೆ ಹಿಡಿದು, ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದ ಯಜಮಾನರ ಮೀಸೆಯ ಮೇಲೆ ಅದು ಕುಣಿಯುತ್ತಿತ್ತು.

"ರೀ, ಅಲ್ಲಾಡ್ಬೇಡಿ" ಎಂದರು ಹೆಂಡತಿ. ನಾನು ಚಿಮಟ ಹಿಡಿದು ಹತ್ತಿರ ಹೋದೆ. ಕುದುರೆಯನ್ನು ಹಿಡಿಯಲು ಒಬ್ಬರು ಸಾಕಾಗಿತ್ತು. ಯಜಮಾನರನ್ನು ಹಿಡಿಯಲು ಮೂವರು ಬೇಕಾಯಿತು.

೪. ಕಣ್ಣಿನ ಪರೀಕ್ಷೆ

ಹುಳು ಹೋದರೂ ಕಣ್ಣು ಹಾಲು ಬೆರೆಸಿದ ಹಾಗೆ ಮಸುಕಾಗಿಯೇ ಇತ್ತು. ಕಣ್ಣಿನ ಮುಂದೆ ಪಕ್ಕನೆ ಕೈ ಬೀಸಿ, ರೆಪ್ಪೆ ಬಡಿದರೆ ಕಾಣುತ್ತದೆ ಎಂದರ್ಥ ಎಂದು ಹೇಳಿಕೊಟ್ಟು ಬಂದೆ. ಅದೇ ನಾನು ಮಾಡಿದ ತಪ್ಪು. ಮನೆಯವರು, ನೆರೆಯವರು, ಹಾಲಿನವರು, ಹೋಂಸ್ಟೇಗೆ ಬಂದವರು ಎಲ್ಲರೂ ದಿನವಿಡೀ ಕೈ ಬೀಸಿದ್ದೇ ಬೀಸಿದ್ದಂತೆ. ರೆಪ್ಪೆ ಬಡಿಯಿತು ಎಂದು ಒಬ್ಬರು ಹೇಳಿದರೆ, ನೊಣ ಕೂತಿತ್ತು ಎಂದು ಇನ್ನೊಬ್ಬರ ವಾದವಂತೆ.

ಮೂರು ವಾರ ಬಿಟ್ಟು ಹೋದೆ. ಯಜಮಾನರು ಒಳ್ಳೆಯ ಕಣ್ಣಿಗೆ ಟವೆಲು ಮುಚ್ಚಿ ಹಿಡಿದರು. ನಾನು ಮಸುಕಾಗಿದ್ದ ಕಣ್ಣಿನ ಮುಂದೆ ಸದ್ದಿಲ್ಲದೆ ಕೈ ಎತ್ತಿದೆ. ಬೀಸುವ ಮೊದಲೇ ಕುದುರೆ ತಿರುಗಿ ನನ್ನ ಮುಂಗೈಗೆ ಬಾಯಿ ಹಾಕಿತು.

ನಾನು ಅಯ್ಯಯ್ಯೋ ಎಂದು ಕೂಗಿಕೊಂಡೆ. ಯಜಮಾನರು ಟವೆಲು ಎಸೆದು, ಅಳುತ್ತಾ ನಗುತ್ತಾ ಕುದುರೆಯ ಕೊರಳು ತಬ್ಬಿಕೊಂಡರು.

"ಕಾಣ್ತೈತೆ ಸಾರ್, ಕಾಣ್ತೈತೆ! ಒಂದಿಂಚೂ ತಪ್ಪಲಿಲ್ಲ ನೋಡಿ!" ಎಂದವರೇ ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು, ನನ್ನತ್ತ ತಿರುಗಿದರು. "ಸಾರ್, ಈಗ ಆ ಇನ್ನೊಂದು ಕೈ ಎತ್ತಿ. ಇವಳೂ ನೋಡ್ಲಿ!"